ರೀಡಿಂಗ್ ರೂಮ್ ಗ್ವಾಡಿಗೆ ಜಗತ್ತಿನ ಇತಿಹಾಸದ ಫೋಟೋ ಹಾಕ್ಬೇಕಂತ ಮಾಡೀನಿ, ಗೆಳೆಯ ನೋಡಿದ್ರ "ಅರ್ಧಕ್ಕರ್ಧ ನಾಟಕ" ಅಂತಾನ. ಏನ್ ಮಾಡ್ಲಿ?

ಗುಮ್ಮಟದ_ಸದ್ದು (ವಿಜಯಪುರ)

ಎಲ್ಲಾರಿಗೂ ನಮಸ್ಕಾರ್ರಿ. ನಂದು ಇಲ್ಲೇ ವಿಜಯಪುರದಾಗ ಒಂದು ರೀಡಿಂಗ್ ರೂಮ್ ಅದ, ಪಿಎಸ್‌ಐ, ಕೆಎಎಸ್, ಎಫ್‌ಡಿಎ ಅಂತ ಓದೋ ಹುಡುಗೂರು ನಸುಕಿನ್ಯಾಗ ಬಂದು ಕುಂತ್ರ ರಾತ್ರಿ ಊಟದ ಹೊತ್ತಿಗೇ ಏಳೂದು. ಈ ಸಲ ಬಣ್ಣಾ ಹೊಡಿಸಿದ ಮ್ಯಾಲ ಒಂದು ಕಡೆ ಉದ್ದಕ ಗ್ವಾಡಿ ಖಾಲಿ ಉಳದದ. "ನಿನ್ನ ಭವಿಷ್ಯ ನಿನ್ನ ಕೈಯಾಗ" ಅಂತ ಬೋರ್ಡು ಎಲ್ಲಾ ಕಡೆ ನೇತಾಡ್ತಿರ್ತಾವ, ಅದನ್ನ ಓದಿ ಯಾರೂ ಪಾಸಾಗಿದ್ದು ನಾ ನೋಡಿಲ್ಲ, ಅದಕ್ಕ ಜಗತ್ತಿನ ಇತಿಹಾಸದ ಫೇಮಸ್ ಫೋಟೋ ಒಂದು ಎಂಟ್ಹತ್ತು ದೊಡ್ಡದಾಗಿ ಪ್ರಿಂಟ್ ಹಾಕ್ಸಿ ಫ್ರೇಮ್ ಮಾಡಿಸ್ಬೇಕಂತ ವಿಚಾರ ಮಾಡೀನಿ.

ನನ್ನ ಲಿಸ್ಟ್ ಹೇಳ್ತೀನಿ: ಚಂದ್ರನ ಕಡಿಂದ ಕಾಣೋ ಭೂಮಿ, ರೈಟ್ ಬ್ರದರ್ಸ್ ವಿಮಾನ, ಐವೊ ಜಿಮಾದಾಗ ಅಮೆರಿಕದ ಸೈನಿಕರು ಧ್ವಜ ಎತ್ತೂದು, ಬರ್ಲಿನ್‌ದಾಗ ರಷ್ಯಾದವ್ರು ಧ್ವಜ ಹಾರಿಸೂದು, ಟ್ಯಾಂಕ್ ಮುಂದ ನಿಂತ ಮನಷ್ಯಾ, ವಿಯೆಟ್ನಾಂದ ಓಡಿ ಬರೋ ಹುಡುಗಿ, ಸುಡಾನ್‌ದ ಕೂಸು ಮತ್ತ ರಣಹದ್ದು, ಅಮೆರಿಕದ ವಲಸೆ ತಾಯಿ, ಬರ್ಲಿನ್ ಗ್ವಾಡಿ, ಗಾಂಧೀಜಿ ಚರಕದ್ದು.

ಇದನ್ನ ಒಬ್ಬ ಗೆಳೆಯಗ ತೋರ್ಸಿದ್ರ ಅವ "ಎರಡೂ ಧ್ವಜದ್ದು ನಾಟಕ, ಮಾಡ್ಸಿ ತಗದದ್ದು, ಹುಡುಗೂರಿಗೆ ಸುಳ್ಳ ಕಲಸ್ತೀ ಏನ್" ಅಂತ ಬೈದ. ತಲಿ ಕೆಟ್ಟದ. ಮಾಡ್ಸಿ ತಗದ ಫೋಟೋ ಅಂದ ಮ್ಯಾಲ ಅದು ಇತಿಹಾಸ ಹೌದೋ ಅಲ್ಲೋ? ಯಾವ್ದು ತಗೀಲಿ, ಯಾವ್ದು ಸೇರ್ಸ್ಲಿ? ತಿಳದವ್ರು ಸ್ವಲ್ಪ ಬಿಡಿಸಿ ಹೇಳ್ರಿ.

ಎಫ್‌ಡಿಎ_ಆಗೇ_ಆಗ್ತೀನಿ (ಮುದ್ದೇಬಿಹಾಳ)

ಅಣ್ಣಾ ಪರೀಕ್ಷಾದಾಗ ಬರೋ ಫೋಟೋ ಅಷ್ಟ ಹಾಕ್ರಿ, ಕೆಳಗ ಇಸವಿ ದೊಡ್ಡಕ್ಷರದಾಗ ಬರೀರಿ 😄 ರೈಟ್ ಬ್ರದರ್ಸ್ 1903, ಬರ್ಲಿನ್ ಗ್ವಾಡಿ 1989, ಅಷ್ಟ ಸಾಕು.

ಸ್ಟುಡಿಯೋ_ಕಾಕಾ (ಬಾಗಲಕೋಟೆ)

ನಿಮ್ಮ ಗೆಳೆಯಾರು ಅರ್ಧ ಖರೇ ಹೇಳ್ಯಾರ, ಅರ್ಧ ತಪ್ಪ್ ಹೇಳ್ಯಾರ. ಎರಡು ಧ್ವಜದ ಫೋಟೋನೂ ಒಂದ ತಕ್ಕಡ್ಯಾಗ ಹಾಕಿ ತೂಗಬಾರದ್ರಿ, ಅವೆರಡರ ಕಥಿನ ಬ್ಯಾರೆ.

ಐವೊ ಜಿಮಾದ್ದು ಮೊದ್ಲು ನೋಡ್ರಿ, ಅದು ಎರಡನೇ ಮಹಾಯುದ್ಧದಾಗ ಅಮೆರಿಕದವ್ರು ಜಪಾನ್ ಜೋಡಿ ಕಾದಾಡಿದ ನಡುಗಡ್ಡಿ. 1945ರ ಫೆಬ್ರುವರಿ 23, ಸುರಿಬಾಚಿ ಅನ್ನೋ ಗುಡ್ಡದ ತುದ್ಯಾಗ ಅಮೆರಿಕದವ್ರು ಮುಂಜಾನಿನ ಒಂದು ಧ್ವಜ ಏರಿಸಿಬಿಟ್ಟಿದ್ರು, ಅದರ ಫೋಟೋನೂ ಬ್ಯಾರೆಯವ್ರು ತಗದಿದ್ರು. ಆದ್ರ ಅದು ಸಣ್ಣದು, ದೂರದ ಹಡಗಿಗೆ, ದಂಡ್ಯಾಗ ಇದ್ದವ್ರಿಗೆ ಕಾಣೂದಿಲ್ಲ ಅಂತ ಆಮ್ಯಾಲ ದೊಡ್ಡದೊಂದು ತರ್ಸಿದ್ರು. ಈ ಫೇಮಸ್ ಫೋಟೋ ತಗದ ಜೋ ರೋಸೆಂಥಾಲ್ ಗುಡ್ಡಾ ಹತ್ತಿ ಬಂದಿದ್ದು ಈ ಎರಡನೇದರ ಹೊತ್ತಿಗೆ. ಕಾಲಿಗೆ ಎತ್ತರ ಬರ್ಲಿ ಅಂತ ಕಲ್ಲು, ಮರಳಿನ ಚೀಲ ಒಟ್ಟಕೊಂತ ಇದ್ದಾಗ ಅವರು ಕಂಬ ಎತ್ತಾಕ ಸುರು ಮಾಡಿಬಿಟ್ರು, ಇಂವ ಕ್ಯಾಮೆರಾ ತಿರುಗಿಸಿ ಒಂದು ಕ್ಲಿಕ್, ಅಷ್ಟ. ಯಾರಿಗೂ ಹಿಂಗ ನಿಲ್ಲು, ಹಂಗ ಹಿಡಿ ಅಂತ ಹೇಳಿಲ್ಲ. ಹಂಗಾರ ನಾಟಕ ಅನ್ನೋ ಮಾತು ಹೆಂಗ ಹುಟ್ಟಿತು? ಅದಾದ ಮ್ಯಾಲ ಸೈನಿಕರನ್ನೆಲ್ಲಾ ಧ್ವಜದ ಕೆಳಗ ನಿಂದರಿಸಿ ಕೈ ಎತ್ತಿಸಿ ಒಂದು ಗ್ರೂಪ್ ಫೋಟೋ ತಗದಿದ್ದ. ಕೆಲವು ದಿನದ ಮ್ಯಾಲ ಯಾರೋ "ಅದು ನಿಂದರ್ಸಿ ತಗದಿದ್ದೇನು" ಅಂತ ಕೇಳಿದಾಗ ಇಂವ ಗ್ರೂಪ್ ಫೋಟೋ ವಿಷಯ ಅಂತ ತಿಳಕೊಂಡು ಹೂಂ ಅಂದ. ಫಿಲ್ಮ್ ತೊಳಿಯೂದು ಬ್ಯಾರೆ ಕಡೆ ಆಗಿತ್ತು, ಯಾವ್ದು ಫೇಮಸ್ ಆಗೈತಿ ಅನ್ನೂದ ಪಾಪ ಅವಗ ಗೊತ್ತಿರಲಿಲ್ಲ. ಆ ಒಂದು ಹೂಂ ಜೀವನಪೂರ್ತಿ ಬೆನ್ನ ಬಿಡ್ಲಿಲ್ಲ.

ಇನ್ನೊಂದು ನೆಪ್ಪಿಡ್ರಿ, ಆ ಫೋಟೋದಾಗ ಆರು ಮಂದಿ ಅದಾರ, ಅವರಾಗ ಮೂರು ಮಂದಿ ಅದ ಯುದ್ಧದಾಗ ಅದ ನಡುಗಡ್ಡ್ಯಾಗ ಸತ್ರು. ಯಾರ್ಯಾರು ಅನ್ನೂದನ್ನ ಅಮೆರಿಕದ ಮರೀನ್ಸ್‌ನವ್ರು 2016ರಾಗ ಒಮ್ಮೆ, 2019ರಾಗ ಒಮ್ಮೆ ತಿದ್ದಿದ್ರು, ಅಂದ್ರ ಎಪ್ಪತ್ತು ವರ್ಷ ತಪ್ಪ ಹೆಸರು ಓಡಿದ್ವು.

ಬರ್ಲಿನ್‌ದ್ದು ಹಂಗಲ್ಲ. ಅದು ಪಕ್ಕಾ ಮಾಡ್ಸಿದ್ದು. ಯೆವ್ಗೆನಿ ಖಾಲ್ದೆಯಿ ಅಂತ ಸೋವಿಯತ್ ಸುದ್ದಿಸಂಸ್ಥೆದವ, ಈ ಐವೊ ಜಿಮಾ ಫೋಟೋ ನೋಡಿ ನಮಗೂ ಹಿಂತಾದ್ದೊಂದು ಬೇಕು ಅಂತ ಮನಸ್ಸಿನ್ಯಾಗ ಇಟ್ಕೊಂಡು, ಮಾಸ್ಕೋದಾಗ ತನ್ನ ಪೈಕಿ ಒಬ್ಬ ಟೇಲರ್ ಕಡೆ ಟೇಬಲ್ ಮ್ಯಾಲ ಹಾಸೋ ಕೆಂಪ ಬಟ್ಟಿಲೆ ಧ್ವಜ ಹೊಲಿಸ್ಕೊಂಡು ಬರ್ಲಿನ್‌ಕ್ಕ ಹೋದ. ಜರ್ಮನಿ ಪಾರ್ಲಿಮೆಂಟ್ ಕಟ್ಟಡ ರೈಖ್‌ಸ್ಟಾಗ್ ಮ್ಯಾಲ ಸೋವಿಯತ್ ಸೈನಿಕರು ಏಪ್ರಿಲ್ 30ರ ರಾತ್ರಿನ ಧ್ವಜ ಇಟ್ಟಿದ್ರು, ಕತ್ತಲದಾಗ ಫೋಟೋ ಎಲ್ಲಿಂದ ಬರ್ತೈತಿ? ಮೇ 2ಕ್ಕ ಇಂವ ಸೈನಿಕರನ್ನ ಕರ್ಕೊಂಡು ಮಾಳಿಗಿ ಹತ್ತಿ ಒಂದು ರೀಲ್ ಪೂರ್ತಿ ಹೊಡದ. ಆಮ್ಯಾಲ ಐತಿ ಮಜಾ. ಧ್ವಜದವನ ಕಾಲ ಹಿಡಕೊಂಡು ಕೆಳಗ ನಿಂತ ಸೈನಿಕನ ಎರಡೂ ಮುಂಗೈಗೆ ಗಡಿಯಾರ ಕಂಡ್ವು. ಎರಡು ಗಡಿಯಾರ ಅಂದ್ರ ಒಂದು ಲೂಟಿ ಮಾಡಿದ್ದು ಅಂತ ಮಂದಿ ಅಂತಾರ, ಸ್ಟಾಲಿನ್ ಕಾಲ, ತಲಿ ಹೋಗೂ ಮಾತು. ಸೂಜಿ ತಗೊಂಡು ನೆಗೆಟಿವ್ ಮ್ಯಾಲ ಒಂದು ಗಡಿಯಾರ ಕೆರದು ತಗದ. ಹಿಂದ ಹೊಗಿ ಕಮ್ಮಿ ಅನಿಸ್ತು, ಅದನ್ನೂ ಬ್ಯಾರೆ ನೆಗೆಟಿವ್‌ದಿಂದ ತಂದು ಸೇರಿಸಿದ.

ಈಗ ಹೇಳ್ರಿ, ಇದು ಸುಳ್ಳೇನು? ಬರ್ಲಿನ್ ಬಿದ್ದದ್ದು ಖರೇ, ಧ್ವಜ ಏರಿದ್ದು ಖರೇ. ನಾವು ಮದವಿ ಫೋಟೋದಾಗ ತಾಳಿ ಕಟ್ಟೂದು ಯಾರೋ ಹಿರ್ಯಾರು ಅಡ್ಡ ಬಂದು ಮಿಸ್ ಆತಂದ್ರ "ಏ ತಮ್ಮಾ ಇನ್ನೊಮ್ಮೆ ಕೈ ಹಿಡಿ" ಅಂತ ಹೇಳಿ ತಗೀತೀವಿ, ಅದಕ್ಕ ಮದವಿನ ಆಗಿಲ್ಲ ಅಂತಾರೇನ್ರಿ ಯಾರರ? ಆದ್ರ ಗಡಿಯಾರ ಕೆರದದ್ದು ಬ್ಯಾರೆ ಮಾತು. ಅಲ್ಲಿ ಇದ್ದದ್ದನ್ನ ಇಲ್ಲ ಅಂತ ಮಾಡಿದ. ನನ್ನ ಲೆಕ್ಕದಾಗ ಎರಡನೇ ಸಲ ಮಾಡ್ಸೂದು ಚಿಲ್ಲರ ಪಾಪ, ಅಳಿಸೂದು ದೊಡ್ಡ ಪಾಪ.

ಅಳಿಸೂದು ಅಂದ್ರ ಸ್ಟಾಲಿನ್ ಕಡೆಯವ್ರನ್ನ ಮೀರಸಾಕ ಆಗೂದಿಲ್ಲ. ಮಾಸ್ಕೋ ಕಾಲುವಿ ದಂಡಿಮ್ಯಾಲ ಸ್ಟಾಲಿನ್ ಮಗ್ಗಲ ನಿಂತ ಯೆಝೋವ್, ಅವನ ಗುಪ್ತ ಪೊಲೀಸರ ಮುಖ್ಯಸ್ಥ, 1940ರಾಗ ಅವನ್ನ ಕೊಂದ ಮ್ಯಾಲ ಫೋಟೋದಾಗ ಅವ ನಿಂತ ಜಾಗಾದಾಗ ಬರೇ ನೀರ ಉಳೀತು. ಎರಡೂ ಪ್ರಿಂಟ್ ಜೋಡಿ ಮಾಡಿ ಹಾಕ್ರಿ ನಿಮ್ಮ ಗ್ವಾಡಿಗೆ, ಪಿಎಸ್‌ಐ ಆಗೋ ಹುಡುಗೂರು ನೋಡೂವಂತಾದ್ದು.

ತಿಲಕವಾಡಿ_ಮಾಸ್ತರ (ಬೆಳಗಾವಿ)

ಕಾಕಾರು ಚಲೋ ಬರದಾರ. ಆದ್ರ ಸದ್ದು ಅವ್ರ ಲಿಸ್ಟ್ ನೋಡಿ ನನಗ ಬ್ಯಾರೆ ಬ್ಯಾಸರಾತು. ಹತ್ತರಾಗ ನಮ್ಮ ದೇಶದ್ದು ಬರೇ ಒಂದು? ಇದು ಅಮೆರಿಕದ ಮ್ಯಾಗಜಿನ್‌ದವ್ರು ಮಾಡಿದ ಲಿಸ್ಟ್, ಇಂಟರ್ನೆಟ್‌ದಾಗ ಅದ ತಿರಗಾಡ್ತದ. ಇತಿಹಾಸ ಕಲಸಿ ರಿಟೈರ್ಡ್ ಆದವ ನಾನು, ಸುಮ್ನಿರಾಕ ಆಗವಲ್ದು.

1971ರ ಡಿಸೆಂಬರ್ 16, ಢಾಕಾದ ರೇಸ್‌ಕೋರ್ಸ್ ಮೈದಾನ. ಒಂದು ಸಾದಾ ಮೇಜು, ಪಾಕಿಸ್ತಾನದ ಜನರಲ್ ನಿಯಾಜಿ ಶರಣಾಗತಿಗೆ ಸಹಿ ಮಾಡ್ಲಿಕತ್ತಾನ, ಮಗ್ಗಲದಾಗ ನಮ್ಮ ಜನರಲ್ ಅರೋರಾ ಕುಂತು ನೋಡ್ಲಿಕತ್ತಾರ, ಹಿಂದ ನಮ್ಮ ನೌಕಾದಳ, ವಾಯುದಳದ ಅಧಿಕಾರಿಗಳು, ಬಲಕ್ಕ ನಮ್ಮ ಜನರಲ್ ಜೇಕಬ್. 93 ಸಾವಿರದಷ್ಟು ಮಂದಿ ಸೆರಿಯಾದ್ರು, ಒಂದು ದೇಶ ಹುಟ್ಟಿತು. ಜಗತ್ತಿನ ಇತಿಹಾಸ ಅಂದ್ರ ಇದಲ್ಲೇನು? ಮರಾಠಾ ಲೈಟ್ ಇನ್‌ಫ್ಯಾಂಟ್ರಿ ಸೆಂಟರ್ ಇರೋ ಊರಾಗ ಕುಂತು ಇದನ್ನ ಬಿಟ್ಟು ಐವೊ ಜಿಮಾ ಹಾಕಾಕ ನನ್ನ ಮನಸ್ಸ ಒಪ್ಪೂದಿಲ್ಲ. ಆದ್ರ ಫೋಟೋದಾಗ ಯಾರಿಲ್ಲ ಅನ್ನೂದನ್ನೂ ಹುಡುಗೂರಿಗೆ ಹೇಳ್ರಿ. ಬಾಂಗ್ಲಾ ಬಿಡುಗಡಿಗೆ ಕಾದಾಡಿದ ಮುಕ್ತಿ ಬಾಹಿನಿಯ ಮುಖ್ಯ ಸೇನಾಪತಿ ಉಸ್ಮಾನಿ ಅಲ್ಲಿ ಇರಲೇ ಇಲ್ಲ, ಅವರ ಪರವಾಗಿ ಬಂದಿದ್ದು ಖಂದ್‌ಕರ್. ಯಾರ ದೇಶ ಬಿಡುಗಡಿ ಆತೋ ಅವರ ಸೇನಾಪತಿನ ಚೌಕಟ್ಟಿನ್ಯಾಗಿಲ್ಲ, ಬಾಂಗ್ಲಾದೇಶದಾಗ ಇವತ್ತಿಗೂ ಇದರ ಮ್ಯಾಲ ಮಾತಾಡ್ತಾರ.

ಮಾಡ್ಸಿ ತಗದದ್ದು ಅಂದ್ರಲ್ಲ, ಅದರಾಗ ಭಯಂಕರದ್ದು ನಮ್ಮಲ್ಲೇ ಅದ. ಫೆಲಿಚೆ ಬಿಯಾಟೊ ಅಂತ ಒಬ್ಬ 1858ರಾಗ ಲಖನೌಕ್ಕ ಬಂದ. ಸಿಕಂದರ್ ಬಾಗ್ ಅನ್ನೋ ಕಟ್ಟಡದಾಗ ಹಿಂದಿನ ನವೆಂಬರ್‌ದಾಗ ಬ್ರಿಟಿಷರು ಸುಮಾರು ಎರಡು ಸಾವಿರ ಸಿಪಾಯಿಗಳನ್ನ ಕೊಂದಿದ್ರು. ಇಂವ ಬರೋದ್ರಾಗ ತಿಂಗಳುಗಟ್ಟಲೆ ಆಗಿತ್ತು. ಫೋಟೋದಾಗ ನೋಡಿದ್ರ ಮುರದ ಕಟ್ಟಡದ ಮುಂದ ಅಂಗಳದ ತುಂಬ ತಲಿಬುರುಡಿ, ಎಲುಬು ಚೆಲ್ಲ್ಯಾವ, ಹಿಂದ ನಾಕ ಮಂದಿ, ಒಂದು ಕುದರಿ ಏನೂ ಆಗಿಲ್ಲ ಅನ್ನೂವಂಗ ನಿಂತಾವ. ಫೋಟೋ ಚಲೋ ಬರ್ಲಿ ಅಂತ ಎಲುಬು ಹೊರಗ ತಗಸಿ ಹರವಿಸಿದ್ದ ಅಂತ ಅಲ್ಲಿದ್ದ ಇಂಗ್ಲಿಷ್ ಅಧಿಕಾರಿನ ಬರದಿಟ್ಟಾನ. ಸತ್ತವರನ್ನ ಎರಡನೇ ಸಲ ಬಯಲಿಗೆ ತಂದು ನಿಲ್ಲಿಸಿದ ಫೋಟೋ ಅದು. ಕಾಕಾ ಅವರ, ಇದು ನಿಮ್ಮ ಚಿಲ್ಲರ ಪಾಪದಾಗ ಬರ್ತದೋ ದೊಡ್ಡದರಾಗ ಬರ್ತದೋ?

ಗಾಂಧೀಜಿ ಚರಕದ್ದು ಹಾಕ್ರಿ, ಬ್ಯಾಡನ್ನಂಗಿಲ್ಲ. ಮಾರ್ಗರೆಟ್ ಬರ್ಕ್-ವೈಟ್ 1946ರಾಗ ಅದನ್ನ ತಗಿಯೂಕಿಂತ ಮೊದ್ಲು ಗಾಂಧೀಜಿ ಕಡೆಯವ್ರು "ನಿನಗ ನೂಲಾಕ ಬರ್ತದೇನವ್ವಾ" ಅಂತ ಕೇಳಿ, ಬರೂದಿಲ್ಲ ಅಂದಾಗ ಕಲತ್ ಬಾ ಅಂತ ಚರಕದ ಮುಂದ ಕುಂದರ್ಸಿದ್ರು. ಅಂದು ಗಾಂಧೀಜಿ ಮೌನದ ದಿನ, ಮೂರ ಫ್ಲ್ಯಾಶ್ ಬಲ್ಬ್ ಅಷ್ಟ ಪರವಾನಗಿ. ಮೊದ್ಲ ಎರಡು ಹಾಳಾಗಿ ಹೋದ್ವು, ಮೂರನೇದರಾಗ ಬಂತು. ಅದರ ಮಗ್ಗಲಕ ನಮ್ಮ ಬೆಳಗಾವಿ 1924ರ ಕಾಂಗ್ರೆಸ್ ಅಧಿವೇಶನದ ಒಂದು ಫೋಟೋ ಇಡ್ರಿ. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದ ಒಂದು ಅಧಿವೇಶನ ಅದು, ಅದಕ್ಕಂತ ನೀರಿಗೆ ತೋಡಿಸಿದ ಬಾವಿ ಇನ್ನೂ ಐತಿ. ಇಲ್ಲೆ ವೀರಸೌಧದಾಗ ಹಳೆ ಫೋಟೋ ಹಚ್ಚ್ಯಾರ, ಬಂದಾಗ ನೋಡ್ರಿ.

ಸ್ಟುಡಿಯೋ_ಕಾಕಾ (ಬಾಗಲಕೋಟೆ)

ಮಾಸ್ತರ, ಅದು ಪಾಪದ ಲೆಕ್ಕ ಬಿಟ್ಟು ಹೊರಗಿನ ಮಾತ್ರಿ. ಅದಕ್ಕ ಲೆಕ್ಕ ಇಲ್ಲ.

ಬಿಯಾಟೊ ಅಂದ್ರಿ ಅಂತ ಇನ್ನೊಬ್ಬ ನೆನಪಾದ. ರೋಜರ್ ಫೆಂಟನ್, 1855, ಕ್ರಿಮಿಯಾ ಯುದ್ಧ. ಸೆರೆ ಮಾರೋ ವ್ಯಾಪಾರಿ ಕಡೆ ಒಂದು ಗಾಡಿ ಕೊಂಡು ಅದನ್ನ ಡಾರ್ಕ್ ರೂಮ್ ಮಾಡಿ ಕುದರಿ ಕಟ್ಟಿ ಯುದ್ಧಕ್ಕ ಹೋದವ. ಗಾಜಿನ ಪ್ಲೇಟಿಗೆ ಔಷಧ ಹಚ್ಚಿ ಹಸಿ ಇರೂದ್ರಾಗ ಫೋಟೋ ತಗದು ಅಲ್ಲೇ ತೊಳೀಬೇಕು, ಒಣಗಿತಂದ್ರ ಮುಗೀತು. ಒಂದು ಕಣಿವಿ ಫೋಟೋ ಐತಿ ಅವಂದು, ಒಂದ ಜಾಗಾದಾಗ ಸ್ಟ್ಯಾಂಡ್ ಅಲುಗಿಸದ ಎರಡು ಪ್ಲೇಟು. ಒಂದರಾಗ ತೋಪಿನ ಗುಂಡೆಲ್ಲಾ ರಸ್ತೆ ಬದಿ ತಗ್ಗಿನ್ಯಾಗ ಬಿದ್ದಾವ, ಇನ್ನೊಂದ್ರಾಗ ರಸ್ತೆ ತುಂಬ. ಗುಂಡು ತಾವ ಎದ್ದು ರಸ್ತೆಗೆ ಬರೂದಿಲ್ಲಲ್ಲ. ಗುಡ್ಡದ ಸಣ್ಣ ಸಣ್ಣ ಕಲ್ಲು ಎಲ್ಲೆಲ್ಲಿ ಉರುಳ್ಯಾವ ಅಂತ ಎರಡೂ ಫೋಟೋ ಹೋಲಿಸಿ ನೋಡಿದವ್ರು ಖಾಲಿ ರಸ್ತೆನ ಮೊದಲಿಂದು, ಗುಂಡು ಆಮ್ಯಾಲ ಬಂದಾವ ಅಂತ ಹೇಳ್ತಾರ. ಫೇಮಸ್ ಆಗಿದ್ದು ಗುಂಡು ತುಂಬಿದ್ದ.

ಈಗ ನೋಡ್ರಿ ಸದ್ದು, ಅದ 1855ರಾಗ ಬಾಂಬೆ ತೋಪಖಾನೆಯ ಥಾಮಸ್ ಬಿಗ್ಸ್ ಅನ್ನೋ ಕ್ಯಾಪ್ಟನ್‌ನ್ನ ಸರ್ಕಾರದವ್ರು ಹಳೆ ಕಟ್ಟಡದ ಫೋಟೋ ತಗ್ಯಾಕಂತ ನೇಮಿಸಿ ನಮ್ಮ ಕಡೆ ಕಳಿಸಿದ್ರು. ವಿಜಯಪುರ, ಬಾದಾಮಿ, ಐಹೊಳೆ ತಿರಗ್ಯಾಡಿ ತಗದಾನ. ಅಲ್ಲಿ ಅವ ಯುದ್ಧದಾಗ, ಇಲ್ಲಿ ಇವ ನಿಮ್ಮ ಊರಾಗ, ಇಬ್ಬರೂ ಅದ ವರ್ಷ. ಬಿಗ್ಸ್‌ನ ಪ್ರಿಂಟ್ ಬ್ರಿಟಿಷ್ ಲೈಬ್ರರಿಯೊಳಗ ಅದಾವ. ವಿಜಯಪುರದ ರೀಡಿಂಗ್ ರೂಮ್‌ದಾಗ ಆ ಕಾಲದ ವಿಜಯಪುರ ಇಲ್ದ ಹೆಂಗ್ರಿ?

ಕೃಷ್ಣಾ_ತೀರದಾಕಿ (ಜಮಖಂಡಿ)

ನಾನೂ ಎರಡ್ ವರ್ಷ ಹಿಂತಾದ್ದ ಒಂದು ರೀಡಿಂಗ್ ರೂಮ್‌ದಾಗ ಕುಂತು ಓದೀನಿ, ಹಂಗಾಗಿ ಆ ಕಡಿಂದ ಹೇಳ್ತೀನಿ. ಸುಡಾನ್ ಕೂಸಿಂದು, ವಿಯೆಟ್ನಾಂ ಹುಡುಗಿದ್ದು ದಯವಿಟ್ಟು ಹಾಕ್ಬ್ಯಾಡ್ರಿ. ಅವು ಸುಳ್ಳು ಅಂತಲ್ಲ. ದಿನಾ ಹತ್ತು ತಾಸು ಕುಂದರೋ ಜಾಗಾದಾಗ ತಲಿ ಎತ್ತಿದ್ರ ಸಾಕು ಹಸದ ಕೂಸು ಕಂಡ್ರ ಎರಡ ದಿನದಾಗ ಅದು ಕ್ಯಾಲೆಂಡರ್ ಆಗಿಬಿಡ್ತದ, ಯಾರೂ ನೋಡೂದಿಲ್ಲ, ಅದು ಆ ಕೂಸಿಗೆ ಮಾಡೋ ಅವಮಾನ ಅನಸ್ತದ ನನಗ.

ಇನ್ನೊಂದು ಮಾತು, ಇಷ್ಟೊತ್ತೂ ಎಲ್ಲಾರೂ ಫೋಟೋ ತಗದವ್ರ ಬಗ್ಗೆ ಮಾತಾಡಿದ್ರಿ, ಫೋಟೋದಾಗ ಇದ್ದವ್ರನ್ನ ಯಾರರೆ ಕೇಳ್ಯಾರೇನು? ಆ "ವಲಸೆ ತಾಯಿ" ಅಂತ ಲಿಸ್ಟಿನ್ಯಾಗ ಬರದೀರಲ್ಲ, ಆಕಿಗೆ ಹೆಸರದ, ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್. 1936ರ ಮಾರ್ಚ್, ಕ್ಯಾಲಿಫೋರ್ನಿಯಾದ ನಿಪೋಮೊ ಅನ್ನೋ ಊರಿನ ಹತ್ರ ಬಟಾಣಿ ಹರಿಯೋ ಕೂಲಿಗಳ ಕ್ಯಾಂಪ್. ಬೆಳಿ ಥಂಡಿಗೆ ಹಾಳಾಗಿ ಕೂಲಿ ಇಲ್ಲದ ಕುಂತಿದ್ರು. ಡೊರೊಥಿಯಾ ಲ್ಯಾಂಜ್ ಸರ್ಕಾರದ ಕೆಲಸದ ಮ್ಯಾಲ ಹೋಗ್ತಿದ್ದಾಕಿ, ಕ್ಯಾಂಪಿನ ಬೋರ್ಡು ದಾಟಿ ಹೋಗಿ ಮನಸ್ಸ್ ತಡೀದ ಗಾಡಿ ತಿರಗಿಸಿ ಬಂದು, ನಾಕೈದು ಫೋಟೋ ಹೊಡದು, ಹೆಸರ ಸೈತ ಕೇಳದ ಹೋದಳು. ಆ ಫೋಟೋ ಸ್ವಲ್ಪ ಹತ್ರ ಹಿಡದು ನೋಡ್ರಿ. ಎರಡು ಮಕ್ಕಳು ಎರಡೂ ಹೆಗಲಿಗೆ ಮುಖಾ ಹಚ್ಚಿ ಕ್ಯಾಮೆರಾಕ್ಕ ಬೆನ್ನ ಮಾಡ್ಯಾವ, ಮಡಲಾಗ ಒಂದು ಹಸುಗೂಸು ಮಲಗ್ಯದ, ಆಕಿ ಒಂದು ಕೈ ಗದ್ದಕ್ಕ ಹಚ್ಕೊಂಡು ಎಲ್ಲೋ ನೋಡ್ತಾಳ. ವಯಸ್ಸು ಬರೇ 32. ಕೆಳಗ ಬಲಕ್ಕ ಗುಡಾರದ ಕೋಲು ಹಿಡದ ಆಕಿ ಹೆಬ್ಬೆರಳು ಕಾಣ್ತಿತ್ತು, ಅದು ಚಂದ ಕಾಣೂದಿಲ್ಲ ಅಂತ ಆಮ್ಯಾಲ ಅಳಿಸ್ಯಾರ, ಈಗಲೂ ಮಬ್ಬಾಗಿ ತಿಳೀತದ.

ಆ ಫೋಟೋ ಪೇಪರ್‌ದಾಗ ಬಂದ ಮ್ಯಾಲ ಕ್ಯಾಂಪಿಗೆ ಸರ್ಕಾರ ಅನ್ನಾ ಕಳಿಸ್ತು ಖರೇ, ಆದ್ರ ಅಷ್ಟೊತ್ತಿಗೆ ಆಕಿ ಮಕ್ಕಳನ್ನ ಕರ್ಕೊಂಡು ಮುಂದಿನ ಊರಿಗೆ ಹೋಗಿಬಿಟ್ಟಿದ್ದಳು. 1978ರಾಗ ಒಬ್ಬ ಪೇಪರ್‌ನವ ಆಕಿನ್ನ ಹುಡಕಿದಾಗ, ಆ ಫೋಟೋದಿಂದ ನನಗ ಒಂದ ರೊಕ್ಕಾ ಬಂದಿಲ್ಲ, ಆಕಿ ಅದನ್ನ ತಗೀಲಾರದ ಇದ್ರ ಚಲೋ ಇತ್ತು ಅನ್ನೋ ಅರ್ಥದಾಗ ಹೇಳಿದಳು. ಹಂಗಾಗಿ ಈ ಫೋಟೋ ಹಾಕೂದಾದ್ರ ಕೆಳಗ ಆಕಿ ಹೆಸರ ದೊಡ್ಡದಾಗಿ ಬರೀರಿ, ಲ್ಯಾಂಜ್ ಹೆಸರ ಸಣ್ಣದಾಗಿ.

ವಿಯೆಟ್ನಾಂದಾಕಿದೂ ಹಂಗ. ಕಿಮ್ ಫುಕ್, ನೇಪಾಮ್ ಅನ್ನೋ ಬೆಂಕಿ ಬಾಂಬಿಗೆ ಮೈ ಸುಟ್ಟು ಓಡಿ ಬಂದಾಕಿ, ಆಗ ಒಂಬತ್ತು ವರ್ಷ, 1972ರ ಜೂನ್ 8. ಆಕಿ ಉಳದು ಈಗ ಕೆನಡಾದಾಗ ಅದಾಳ. ಫೋಟೋ ತಗದದ್ದು ನಿಕ್ ಉಟ್ ಅಂತ ಐವತ್ತು ವರ್ಷ ಎಲ್ಲಾರೂ ಬರದ್ರು, 2025ರಾಗ ಅದಕ್ಕೂ ತಂಟೆ ಸುರು ಆಗಿ ವರ್ಲ್ಡ್ ಪ್ರೆಸ್ ಫೋಟೋದವ್ರು ಹೆಸರ ತಡೆ ಹಿಡದಾರ, ಸುದ್ದಿಸಂಸ್ಥೆ ಎಪಿದವ್ರು ಮಾತ್ರ ಉಟ್ ಹೆಸರ ಬಿಟ್ಟಿಲ್ಲ. ಯಾರ ಕೈ ಅಂತ ಜಗಳ, ಸುಟ್ಟ ಮೈ ಮಾತ್ರ ಆಕಿದು.

ಎಫ್‌ಡಿಎ_ಆಗೇ_ಆಗ್ತೀನಿ (ಮುದ್ದೇಬಿಹಾಳ)

ಅಕ್ಕಾ ಸೀರಿಯಸ್ ಮಾಡಿಬಿಟ್ರಿ. ಸರಿ ನಾನೂ ಒಂದು ಚಲೋ ಪಾಯಿಂಟ್ ಹೇಳ್ತೀನಿ. ರೈಟ್ ಬ್ರದರ್ಸ್ ಫೋಟೋ ತಗದಾವ ಫೋಟೋಗ್ರಾಫರ್ ಅಲ್ಲವೇ ಅಲ್ಲ! ಜಾನ್ ಡೇನಿಯಲ್ಸ್ ಅಂತ, ಸಮುದ್ರದಾಗ ಮುಳಗೋರನ್ನ ಕಾಪಾಡೋ ಸ್ಟೇಷನ್‌ದಾಗ ಕೆಲಸ ಮಾಡಾವ. ಆರ್ವಿಲ್ ರೈಟ್ ಕ್ಯಾಮೆರಾ ಸ್ಟ್ಯಾಂಡಿಗೆ ಇಟ್ಟು ಎಲ್ಲಿ ಏಳ್ತದೋ ಆ ಜಾಗಕ್ಕ ಗುರಿ ಹಿಡಿದು, ಈ ರಬ್ಬರ್ ಬುಗ್ಗಿ ಒತ್ತು ಅಂತ ಹೇಳಿ ವಿಮಾನ ಹತ್ತಿದ. ಡೇನಿಯಲ್ಸ್ ಅದಕ್ಕಿಂತ ಮೊದ್ಲು ಕ್ಯಾಮೆರಾ ಮುಟ್ಟಿರಲಿಲ್ಲ, ಗಾಬ್ರಿಯಾಗಿ ಒತ್ತಿದ್ನೋ ಇಲ್ಲೋ ಅಂತ ಅವಗ ನೆಪ್ಪಿಲ್ಲ. 1903 ಡಿಸೆಂಬರ್ 17, 12 ಸೆಕೆಂಡ್, 120 ಅಡಿ, ಫೋಟೋ ಮಾತ್ರ ನೆಟ್ಟಗ ಬಂದದ. ವಿಮಾನ ನೆಲ ಬಿಟ್ಟದ, ಬಲಕ್ಕ ವಿಲ್ಬರ್ ಓಡ್ಲಾಕ ಹೋಗಿ ನಿಂತಾನ.

ಬರ್ಲಿನ್ ಗ್ವಾಡಿದ್ದು ಸೈತ ಮಜಾ ಅದ. 1989 ನವೆಂಬರ್ 9, ಪೂರ್ವ ಜರ್ಮನಿ ಪಕ್ಷದ ವಕ್ತಾರ ಶಾಬೋವ್‌ಸ್ಕಿ ಟಿವಿ ಮುಂದ ಒಂದು ಚೀಟಿ ಓದಿದ, ಜನ ಗಡಿ ದಾಟಬಹುದು ಅಂತ. ಯಾವಾಗಿಂದ ಅಂತ ಪತ್ರಕರ್ತರು ಕೇಳಿದ್ರು. ಆರ್ಡರ್ ಮರುದಿನದಿಂದ ಇತ್ತು, ಅಂವಗ ಅದನ್ನ ಯಾರೂ ಸರಿಯಾಗಿ ಹೇಳಿರಲಿಲ್ಲ, ಕಾಗದ ತಿರುವಿ ಮುರುವಿ "ನನಗ ತಿಳದ ಮಟ್ಟಿಗೆ ಈಗಿಂದೀಗ" ಅಂದುಬಿಟ್ಟ. ಮಂದಿ ಗ್ವಾಡಿ ಕಡೆ ನುಗ್ಗಿದ್ರು, ಗೇಟಿನ ಅಧಿಕಾರಿಗೆ ಮ್ಯಾಲಿಂದ ಉತ್ತರ ಬರವಲ್ದು, ರಾತ್ರಿ ಹನ್ನೊಂದೂವರಿ ಸುಮಾರಿಗೆ ತಗದುಬಿಟ್ಟ. ಗ್ವಾಡಿ ಮ್ಯಾಲ ಹತ್ತಿ ಕುಣಿಯೋ ಫೋಟೋ ಎಲ್ಲಾರೂ ಹಾಕ್ತಾರ, ನೀವು ಆ ಚೀಟಿ ಓದೋ ಫೋಟೋ ಹಾಕ್ರಿ, ಪ್ರಶ್ನಿಪತ್ರಿಕೆ ಸರಿಯಾಗಿ ಓದ್ಬೇಕು ಅಂತ ಹುಡುಗೂರಿಗೆ ನೆಪ್ಪಾದ್ರೂ ಇರ್ತದ 😂

ಗುಮ್ಮಟದ_ಸದ್ದು (ವಿಜಯಪುರ)

ಯಪ್ಪಾ, ಇಷ್ಟು ಬರ್ತದ ಅಂತ ಅಂದ್ಕೊಂಡಿರಲಿಲ್ಲ. ಅಕ್ಕಾರು ಹೇಳಿದ್ದು ಖರೇ ಅನಿಸ್ತು, ರಣಹದ್ದಿಂದು ಮತ್ತ ಕಿಮ್ ಫುಕ್‌ದು ಲಿಸ್ಟಿನಿಂದ ತಗದೆ. ಮಾಸ್ತರ ಹೇಳಿದ ಢಾಕಾ, ಬೆಳಗಾವಿ ಎರಡೂ ಸೇರಿಸ್ದೆ. ಸಿಕಂದರ್ ಬಾಗ್ ವಿಚಾರ ಮಾಡ್ತೀನಿ, ರಾತ್ರಿ ಒಬ್ಬನ ಕೀಲಿ ಹಾಕಾಕ ಹೋಗ್ಬೇಕಾಗ್ತದ ನಾ. ಬಿಗ್ಸ್‌ನ ವಿಜಯಪುರ ಅಂತೂ ನಟ್ಟನಡುಕ ಬರ್ತದ.

ಟ್ಯಾಂಕ್ ಮುಂದಿಂದು ಯಾರೂ ಹೇಳ್ಲಿಲ್ಲಲ್ಲ? ನೆಟ್‌ದಾಗ ಹುಡಕಿದ್ರ ಅದ ಫೋಟೋ ನಾಕ ಥರ ಸಿಗಾಕತ್ತದ, ಒಂದ್ರಾಗ ಟ್ಯಾಂಕ್ ನಾಕ, ಇನ್ನೊಂದ್ರಾಗ ಭಾಳ. ಎಐಲೆ ಮಾಡಿದ್ದೋ ಏನೋ ಅಂತ ಸಂಶಯ ಬಂತು.

ಸ್ಟುಡಿಯೋ_ಕಾಕಾ (ಬಾಗಲಕೋಟೆ)

ಎಐ ಅಲ್ರಿ, ಎಲ್ಲಾ ಅಸಲಿನ. ಚೀನಾದಾಗ ಪ್ರತಿಭಟನೆ ಮಾಡೋ ಮಂದಿ ಮ್ಯಾಲ ಜೂನ್ 4ರ ಗೋಳೀಬಾರ್ ಆದ ಮರುದಿನ, 1989ರ ಜೂನ್ 5, ಬೀಜಿಂಗ್ ಹೋಟೆಲ್ ಬಾಲ್ಕನಿ ಮ್ಯಾಲ ಬ್ಯಾರೆ ಬ್ಯಾರೆ ಕಡೆ ನಿಂತ ಫೋಟೋಗ್ರಾಫರ್‌ಗಳು ಒಂದ ಘಟನಾ ತಗದಾರ. ಜೆಫ್ ವೈಡನರ್, ಸ್ಟುವರ್ಟ್ ಫ್ರ್ಯಾಂಕ್ಲಿನ್, ಚಾರ್ಲಿ ಕೋಲ್, ಆರ್ಥರ್ ಸಾಂಗ್. ಅಗಲ ತಗದವಂದ್ರಾಗ ಹಿಂದಿನ ಟ್ಯಾಂಕ್ ಸಾಲೂ ಬಂದಾವ, ಸುಟ್ಟ ಬಸ್ಸೂ ಬಂದೈತಿ, ಹತ್ರ ಎಳದವಂದ್ರಾಗ ನಾಕ ಟ್ಯಾಂಕ್ ಅಷ್ಟ.

ಇದರಾಗ ಫೋಟೋಕ್ಕಿಂತ ರೀಲ್ ಉಳಿಸಿದ ಕಥಿ ದೊಡ್ಡದು. ವೈಡನರ್‌ನ ಫಿಲ್ಮ್ ಮುಗದು, ಹೋಟೆಲಿನ್ಯಾಗಿದ್ದ ಒಬ್ಬ ಅಮೆರಿಕದ ವಿದ್ಯಾರ್ಥಿ ಯಾರೋ ಟೂರಿಸ್ಟ್ ಕಡಿಂದ ಒಂದು ರೀಲ್ ತಂದುಕೊಟ್ಟ, ಅದರಾಗ ತಗದದ್ದು. ಆ ಹುಡುಗನ ಆಮ್ಯಾಲ ರೀಲ್ ಹೊರಗ ಸಾಗಿಸಿದ. ಕೋಲ್ ತನ್ನ ರೀಲ್‌ನ್ನ ಸಂಡಾಸದ ಫ್ಲಶ್ ಟಾಕಿಯೊಳಗ ಮುಚ್ಚಿಟ್ಟ, ಪೊಲೀಸರು ಕೋಣಿಗೆ ನುಗ್ಗಿ ಬ್ಯಾರೆ ರೀಲ್ ಹಾಳ ಮಾಡಿ ಹೋದ್ರು, ಇದು ಉಳೀತು. ಫ್ರ್ಯಾಂಕ್ಲಿನ್‌ಂದು ಚಹಾಪುಡಿ ಪ್ಯಾಕೆಟ್ಟಿನ್ಯಾಗ ದೇಶ ದಾಟಿತು. ಆ ಬಿಳಿ ಅಂಗಿ, ಕೈಯಾಗ ಸಂತಿ ಚೀಲ ಹಿಡದ ಮನಷ್ಯಾನ್ನ ಟ್ಯಾಂಕ್ ಹಾಯಿಸಿ ಕೊಂದ್ರು ಅಂತ ಮಂದಿ ವಾಟ್ಸಾಪ್‌ದಾಗ ಬರೀತಾರ, ಹಂಗೇನಿಲ್ಲ, ವಿಡಿಯೋದಾಗ ಅವನ್ನ ಕೆಲವು ಮಂದಿ ಎಳಕೊಂಡು ಹೋಗೂದು ಕಾಣ್ತೈತಿ. ಆಮ್ಯಾಲ ಏನಾದ, ಹೆಸರೇನು, ಇವತ್ತಿನ ತನಕ ಹೊರಬಿದ್ದಿಲ್ಲ.

ಭೂಮಿ ಫೋಟೋದ್ದೊಂದು ಹೇಳಿ ಮುಗಸ್ತೀನಿ. 1968ರ ಡಿಸೆಂಬರ್ 24, ಚಂದ್ರನ ಸುತ್ತ ಹಾಕಿದ ಅಪೊಲೊ 8 ನೌಕೆ, ಫೋಟೋ ತಗದಾವ ಗಗನಯಾತ್ರಿ ಬಿಲ್ ಆಂಡರ್ಸ್. ಮೊದ್ಲು ಕ್ಯಾಮೆರಾದಾಗ ಕಪ್ಪು-ಬಿಳಿ ರೀಲ್ ಇತ್ತು, ಕಿಟಕ್ಯಾಗ ಭೂಮಿ ಏರೂದು ಕಂಡ ಕೂಡಲೆ "ಕಲರ್ ರೀಲ್ ಕೊಡ, ಲಗೂನ ಕೊಡ" ಅಂತ ಜೋಡಿಗಿದ್ದ ಲೋವೆಲ್‌ಗ ಗಂಟ ಬಿದ್ದ. ಅವರ ಆ ಮಾತೆಲ್ಲಾ ರೆಕಾರ್ಡ್ ಆಗಿ ಉಳದಾವ. ಅವ ಹಿಡದಾಗ ಚಂದ್ರನ ನೆಲ ಬಲಕ್ಕ ನಿಂತ ಗ್ವಾಡಿಹಂಗ ಇತ್ತು, ಆಮ್ಯಾಲ ನಾವು ಭೂಮಿ ಮಂದಿ ನಮ್ಮ ರೂಢಿ ಪ್ರಕಾರ ಅದನ್ನ ಅಡ್ಡ ತಿರುಗಿಸಿ ನೆಲ ಕೆಳಗ ಮಾಡೀವಿ. ನೀವು ಬೇಕಂದ್ರ ಆಂಡರ್ಸ್ ಹಿಡದಂಗ ಉದ್ದಕ ಹಾಕ್ರಿ, ಬಂದವ್ರೆಲ್ಲಾ ಫ್ರೇಮ್ ತಿರುಗಿ ಹಚ್ಚೀರಿ ಅಂತ ಹೇಳ್ತಾರ, ಆಗ ಮಾತಾಡಾಕ ಒಂದು ಕಾರಣ ಸಿಗ್ತೈತಿ.

ತಿಲಕವಾಡಿ_ಮಾಸ್ತರ (ಬೆಳಗಾವಿ)

ಬೆಷ್ಟ್. ಪ್ರತಿ ಫೋಟೋದ ಕೆಳಗ ಮೂರು ಸಾಲು ಕನ್ನಡದಾಗ ಬರಸ್ರಿ: ಯಾರದಾರ, ಯಾರು ತಗದ್ರು, ಚೌಕಟ್ಟಿನ ಹೊರಗ ಏನಿತ್ತು. ಐವೊ ಜಿಮಾಕ್ಕ ಎರಡನೇ ಧ್ವಜ ಅಂತ, ಬರ್ಲಿನ್‌ಕ್ಕ ಅಳಿಸಿದ ಗಡಿಯಾರ ಅಂತ ಸೀದಾ ಬರೀರಿ. ಆಗ ನಿಮ್ಮ ಗೆಳೆಯಾರ ತಕರಾರೂ ಮುಗೀತು. ಬರದು ಕೊಡು ಅಂದ್ರ ನಾ ಬರದ ಕೊಡ್ತೀನಿ, ರಿಟೈರ್ಡ್ ಮನಷ್ಯಾಗ ಮತ್ತೇನ್ ಕೆಲಸ.

ಗುಮ್ಮಟದ_ಸದ್ದು (ವಿಜಯಪುರ)

ಮಾಸ್ತರ, ಬರದ ಕೊಡ್ರಿ, ಮೆಸೇಜ್ ಹಾಕ್ತೀನಿ. ಇನ್ನೊಂದ ಕೇಳೂದು, ಈ ಫೋಟೋ ದೊಡ್ಡ ಸೈಜಿನ್ಯಾಗ ಎಲ್ಲಿ ಸಿಗ್ತಾವ? ವಾಟ್ಸಾಪ್‌ದಾಗ ಬಂದದ್ದನ್ನ ಪ್ರಿಂಟ್ ಹಾಕ್ಸಿದ್ರ ಮಸಕ ಬರ್ತದ. ಮತ್ತ ಫ್ಲೆಕ್ಸ್ ಮಾಡ್ಸೂದೋ ಪೇಪರ್ ಮ್ಯಾಲೋ?

ಸ್ಟುಡಿಯೋ_ಕಾಕಾ (ಬಾಗಲಕೋಟೆ)

ನಾಸಾದ್ದು ಅವರ ವೆಬ್‌ಸೈಟಿನ್ಯಾಗ ಪುಕ್ಕಟೆ ಸಿಗ್ತಾವ. ಲ್ಯಾಂಜ್, ಫೆಂಟನ್, ರೈಟ್ ಬ್ರದರ್ಸ್ ಮೂರೂ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸೈಟಿನ್ಯಾಗ ದೊಡ್ಡ ಫೈಲ್ ಅದಾವ, ಹಕ್ಕಿನ ತಂಟೆನೂ ಇಲ್ಲ. ಟ್ಯಾಂಕಿಂದು, ಐವೊ ಜಿಮಾದ್ದು ಸುದ್ದಿಸಂಸ್ಥೆ, ಏಜೆನ್ಸಿಗಳದ್ದು, ಪರವಾನಗಿ ಕೇಳಿ ಹಾಕ್ರಿ. ಬಣ್ಣ ತುಂಬಿದ್ದು ತಗೋಬ್ಯಾಡ್ರಿ, ಈಗ ಯಾರ್ಯಾರೋ ಮಷಿನ್‌ಲೆ ಬಣ್ಣಾ ಹಚ್ಚಿ ಬಿಡ್ತಾರ, ಆಕಿ ಸೀರಿ ಇದ್ರೂ ಲಂಗ ಇದ್ರೂ ಅದಕ್ಕ ನೀಲಿನ.

ಫ್ಲೆಕ್ಸ್ ಬ್ಯಾಡ, ವರ್ಷದಾಗ ಸುಕ್ಕಾಗ್ತೈತಿ. ಮ್ಯಾಟ್ ಪೇಪರ್ ಮ್ಯಾಲ ಪ್ರಿಂಟ್ ಹಾಕ್ಸಿ ಸನ್‌ಬೋರ್ಡಿಗೆ ಅಂಟಿಸ್ರಿ, ಮುಂದ ಗಾಜು ಹಾಕ್ಬ್ಯಾಡ್ರಿ, ಹಾಕಿದ್ರ ಟ್ಯೂಬ್‌ಲೈಟ್ ಹೊಳದು ಗಾಂಧೀಜಿ ಬದ್ಲಿ ಪಿಎಸ್‌ಐ ಹುಡುಗೂರ ಮಾರಿನ ಕಾಣ್ತಾವ. ಎರಡು ಬೈ ಮೂರು ಅಡಿ ಸಾಕು, ಖಾಲ್ದೆಯಿದ್ದೊಂದು ಮಾತ್ರ ಸ್ವಲ್ಪ ದೊಡ್ಡದ ಮಾಡ್ರಿ, ಮುಂಗೈ ಕಾಣ್ಬೇಕು.